ಈಜಿ, ನಾರ್ಮಲ್, ಹಾರ್ಡ್: ಯಾವುದನ್ನು ಒತ್ತುವುದು?

ದೀಪಾವಳಿ ರಜೆಗೆ ಅಕ್ಕ ಮಕ್ಕಳನ್ನು ಕರೆದುಕೊಂಡು ಶಿರಸಿ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ಒಳಗೆ ಬಂದರೆ, ಅವಳ ಮಗಳು ನನ್ನ ಲ್ಯಾಪ್‌ಟಾಪ್ ಮುಂದೆ ಕಂಟ್ರೋಲರ್ ಹಿಡಿದು ಸುಮ್ಮನೆ ಕೂತಿದ್ದಾಳೆ. ಆಟ ಇನ್ನೂ ಶುರುವಾಗಿಲ್ಲ. ಪರದೆಯ ಮೇಲೆ ಈಜಿ, ನಾರ್ಮಲ್, ಹಾರ್ಡ್ ಎಂಬ ಮೂರು ಸಾಲು. "ಮಾವ, ಯಾವ್ದು ಒತ್ತವು?" ಎಂದಳು.

ಈ ಪ್ರಶ್ನೆ ನನಗೆ ಹೊಸದಲ್ಲ. ಕಾರವಾರದಲ್ಲಿ ಕೋಡಿಬಾಗದ ನನ್ನ ರೂಮಿನ ಅಕ್ಕಪಕ್ಕದ ಹುಡುಗರು ಕೇಳುತ್ತಾರೆ. ಮಗನಿಗೆ ಆಟ ಕೊಡಿಸಲು ಹೊರಟ ಸಹೋದ್ಯೋಗಿಗಳು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಯಾಕೆಂದರೆ ಆಟದ ಬಗ್ಗೆ ನಮಗೆ ಏನೇನೂ ಗೊತ್ತಿಲ್ಲದ ಗಳಿಗೆಯಲ್ಲೇ ಆಟ ನಮ್ಮನ್ನು ಇದನ್ನು ಕೇಳುತ್ತದೆ. ಸಾರಿನ ರುಚಿ ನೋಡುವ ಮೊದಲೇ ಉಪ್ಪು ಎಷ್ಟು ಬೇಕು ಎಂದು ಕೇಳಿದರೆ ಏನು ಹೇಳುವುದು? ಅದೂ ಅಲ್ಲದೆ ಒಂದು ಆಟದ ಹಾರ್ಡ್‌ಗೂ ಇನ್ನೊಂದರ ಹಾರ್ಡ್‌ಗೂ ಸಂಬಂಧವೇ ಇರುವುದಿಲ್ಲ. ಹೆಸರು ಒಂದೇ, ಒಳಗಿನ ಸರಕು ಬೇರೆ.

ಹಾಗಾಗಿ ನಾನು ಹೆಸರು ನೋಡುವುದನ್ನು ಬಿಟ್ಟು ಬೇರೆ ಅಳತೆ ಇಟ್ಟುಕೊಂಡಿದ್ದೇನೆ. ಸೋತ ಕೂಡಲೇ, ಯಾಕೆ ಸೋತೆ ಎಂದು ಒಂದೇ ಮಾತಿನಲ್ಲಿ ಹೇಳಲು ಬರುತ್ತದೆಯೇ? "ಬೇಗ ಹಾರಿದೆ", "ಗುರಾಣಿ ಎತ್ತುವುದು ತಡವಾಯಿತು", "ಹಿಂದೆ ನೋಡಲೇ ಇಲ್ಲ" ಎಂದು ಬಾಯಿಗೆ ಬಂದರೆ ಆ ಕಷ್ಟ ನಿಮಗೆ ಒಗ್ಗುತ್ತದೆ, ಐವತ್ತು ಸಲ ಸೋತರೂ ಚಿಂತೆಯಿಲ್ಲ. "ಗೊತ್ತಿಲ್ಲ, ಏನೋ ಆಯ್ತು" ಎಂದರೆ ಐದನೇ ಸೋಲಿಗೇ ಮಟ್ಟ ಬದಲಿಸಬೇಕು, ಇಲ್ಲವೇ ಆಟವನ್ನೇ ಬದಲಿಸಬೇಕು. ಕಷ್ಟದ ಆಟ ಗೆದ್ದಾಗ ಎದೆ ತುಂಬಿ ಬರುತ್ತದಲ್ಲ, ಆ ಖುಷಿ ನಿನ್ನೆ ಬಾರದಿದ್ದದ್ದು ಇಂದು ಬೆರಳಿಗೆ ಬಂತು ಎಂಬುದರದ್ದು. ಏನು ಬರುತ್ತಿರಲಿಲ್ಲ ಎಂಬುದೇ ತಿಳಿಯದಿದ್ದರೆ ಗೆದ್ದರೂ ಅದು ಸಿಗುವುದಿಲ್ಲ.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ನರ್ತಕರು, ಶಸ್ತ್ರಚಿಕಿತ್ಸಕರು ಇಂಥವರನ್ನೆಲ್ಲ ಮಾತನಾಡಿಸಿ ಕಂಡುಕೊಂಡದ್ದೂ ಇದಕ್ಕೆ ಹತ್ತಿರದ್ದೇ. ಕೆಲಸ ಬೇಡುವ ಕಷ್ಟವೂ ಮಾಡುವವನ ಕೌಶಲವೂ ಸರಿಸಮ ಇದ್ದಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕಷ್ಟ ಹೆಚ್ಚಾದರೆ ಆತಂಕ, ಕಡಿಮೆಯಾದರೆ ಬೇಸರ. ಇದಕ್ಕೆ ಆಟಗಾರನಾಗಿ ನಾನು ಸೇರಿಸುವುದು ಇಷ್ಟೆ: ಕೌಶಲ ವಾರದಿಂದ ವಾರಕ್ಕೆ ಬದಲಾಗುತ್ತದೆ, ಆದ್ದರಿಂದ ಮೊದಲ ದಿನ ಒತ್ತಿದ ಗುಂಡಿಗೇ ಕೊನೆಯವರೆಗೆ ಅಂಟಿಕೊಳ್ಳಬೇಕಾಗಿಲ್ಲ.

ಇನ್ನು ಒಂದೊಂದೇ ಬಗೆಯನ್ನು ಎದುರುಬದುರು ಇಟ್ಟು ನೋಡೋಣ.

ಪೆಟ್ಟಿನ ಲೆಕ್ಕ ಬದಲಿಸುವ ಆಟಗಳು

ಮೆನುವಿನಲ್ಲಿ ಮಟ್ಟ ಆರಿಸಲು ಕೊಡುವ ಬಹಳಷ್ಟು ಆಟಗಳು ಒಳಗೆ ಮಾಡುವುದು ಬರೀ ಗುಣಾಕಾರ, ಭಾಗಾಕಾರ. 2011ರ ಸ್ಕೈರಿಮ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮಧ್ಯಮ ಮಟ್ಟವಾದ ಅಡೆಪ್ಟ್‌ನಲ್ಲಿ ಪೆಟ್ಟು ಇದ್ದಷ್ಟೇ. ಮಾಸ್ಟರ್‌ಗೆ ಹೋದರೆ ನೀವು ಕೊಡುವ ಪೆಟ್ಟು ಅರ್ಧ, ತಿನ್ನುವ ಪೆಟ್ಟು 2 ಪಟ್ಟು. ಲೆಜೆಂಡರಿಯಲ್ಲಿ ಕೊಡುವುದು ಕಾಲು ಭಾಗ, ತಿನ್ನುವುದು 3 ಪಟ್ಟು. ಅಂದರೆ 4 ಏಟಿಗೆ ಬೀಳುತ್ತಿದ್ದ ದರೋಡೆಕೋರ 16 ಏಟು ಬೇಡುತ್ತಾನೆ. ಅವನ ಕತ್ತಿವರಸೆ ಮಾತ್ರ ಮೊದಲಿನದ್ದೇ. ಹೊಸದಾಗಿ ಕಲಿಯುವುದು ಏನೂ ಇಲ್ಲ, ಅದೇ ಕೆಲಸ ನಾಲ್ಕು ಪಟ್ಟು ಹೊತ್ತು. ಈ ಬಗೆಯ ಆಟದಲ್ಲಿ ಹಾರ್ಡ್ ಒತ್ತಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಊರೂರು ತಿರುಗಿ, ಗುಹೆ ಹೊಕ್ಕು, ಕತೆ ಕೇಳುವುದಕ್ಕೆ ಮಾಡಿದ ಆಟ ಅದು. ಮಧ್ಯಮದಲ್ಲೇ ಆಡಿ.

ಲೆಕ್ಕ ಬದಲಿಸಿಯೂ ರುಚಿ ಉಳಿಸಿಕೊಂಡ ಆಟಗಳಿವೆ. ಸಿವಿಲೈಸೇಷನ್ 6ರಲ್ಲಿ ಪ್ರಿನ್ಸ್ ಎಂಬ ಮಟ್ಟದಲ್ಲಿ ನಿಮಗೂ ಕಂಪ್ಯೂಟರಿಗೂ ಹೆಚ್ಚುಕಡಿಮೆ ಸಮಪಾಲು. ಅತಿ ಮೇಲಿನ ಡೀಟಿಯಲ್ಲಿ ಕಂಪ್ಯೂಟರ್ ರಾಜರು ಊರು ಕಟ್ಟುವ ತಂಡ ಮೂರನ್ನು ಇಟ್ಟುಕೊಂಡೇ ಶುರು ಮಾಡುತ್ತಾರೆ, ನಿಮಗೆ ಒಂದೇ. ಅವರ ಬುದ್ಧಿ ಹೆಚ್ಚಾಗಿಲ್ಲ, ಬಂಡವಾಳ ಹೆಚ್ಚಾಗಿದೆ. ಆದರೆ ಇದು ಯೋಚಿಸಿ ಆಡುವ ಆಟ. ಹಿಂದೆ ಬಿದ್ದವನು ಎಲ್ಲಿ ಗಡಿ ಹಾಕಬೇಕು, ಯಾರ ಜೊತೆ ಸ್ನೇಹ ಕಟ್ಟಬೇಕು ಎಂಬುದೇ ಇಲ್ಲಿ ಹೊಸ ಆಟವಾಗುತ್ತದೆ. ಪ್ರಿನ್ಸ್‌ನಲ್ಲಿ ಎರಡು ಸಲ ಗೆದ್ದ ಮೇಲೆ ಒಂದೊಂದೇ ಮೆಟ್ಟಿಲು ಹತ್ತಿ.

ಇವೆರಡಕ್ಕಿಂತ ನನಗೆ ಹಿಡಿಸುವುದು ಲೆಕ್ಕದ ಬದಲು ಆಟದ ಒಳಗಿನದ್ದನ್ನೇ ಬದಲಿಸುವ ರೀತಿ. 1993ರ ಡೂಮ್‌ನಲ್ಲಿ 5 ಮಟ್ಟಗಳಿದ್ದವು. ಮೇಲೆ ಹೋದಂತೆ ಶತ್ರುಗಳ ಸಂಖ್ಯೆ ಬೇರೆ, ಅವರು ನಿಂತಿರುವ ಜಾಗವೂ ಬೇರೆ. ಕೊನೆಯ ನೈಟ್‌ಮೇರ್‌ನಲ್ಲಿ ಸತ್ತವರು ಮತ್ತೆ ಎದ್ದು ಬರುತ್ತಾರೆ, ಹಾಗಾಗಿ ನಿಂತು ಹೋರಾಡುವ ಅಭ್ಯಾಸ ಬಿಟ್ಟು ಓಡುವುದನ್ನು ಕಲಿಯಲೇಬೇಕು. ಮಕ್ಕಳೆಲ್ಲ ಆಡುವ ಮೈನ್‌ಕ್ರಾಫ್ಟ್ ಕೂಡ ಇದೇ ಜಾತಿ. ಪೀಸ್‌ಫುಲ್‌ನಲ್ಲಿ ದಾಳಿ ಮಾಡುವ ಪ್ರಾಣಿಗಳಿಲ್ಲ, ಹಸಿವು ಇಳಿಯುವುದಿಲ್ಲ. ಹಾರ್ಡ್‌ನಲ್ಲಿ ಹಸಿವಿನಿಂದ ಸಾಯಬಹುದು, ಜಾಂಬಿಗಳು ಮರದ ಬಾಗಿಲು ಒಡೆದು ಒಳಗೆ ಬರುತ್ತವೆ. ಬಾಗಿಲು ಒಡೆಯುತ್ತದೆ ಎಂದ ಕೂಡಲೇ ಮನೆ ಕಟ್ಟುವ ರೀತಿಯೇ ಬದಲಾಗುತ್ತದಲ್ಲವೇ? ಚಿಕ್ಕ ಮಕ್ಕಳಿಗೆ ಪೀಸ್‌ಫುಲ್‌ನಿಂದ ಶುರು ಮಾಡಿಸಿ, ಅವರೇ ಬೇಜಾರಾಯಿತು ಎಂದಾಗ ಈಜಿಗೆ ಹಾಕಿಕೊಡಿ. ಆಟದ ನಡುವೆಯೂ ಬದಲಿಸಲು ಬರುತ್ತದೆ, ಸತ್ತರೆ ಅಲ್ಲಿಗೇ ಮುಗಿಯುವ ಹಾರ್ಡ್‌ಕೋರ್ ಒಂದನ್ನು ಬಿಟ್ಟು.

ಒಂದೇ ಮಟ್ಟ, ಎಲ್ಲರಿಗೂ

ಇನ್ನೊಂದು ಬದಿಯಲ್ಲಿ ಮಟ್ಟ ಆರಿಸುವ ಮಾತೇ ಇಲ್ಲದ ಆಟಗಳು. ಕ್ಯಾಸೆಟ್ ಹಾಕಿ ಆಡುತ್ತಿದ್ದ ಕಾಲದ ಕಾಂಟ್ರಾ ನೆನಪಿರುವವರಿಗೆ ಇದರ ಬಿಸಿ ಗೊತ್ತು. 3 ಜೀವ, ಒಂದು ಗುಂಡು ತಾಗಿದರೆ ಒಂದು ಜೀವ ಹೋಯಿತು. ಈಗ ಈ ಮಾತು ಬಂದರೆ ಎಲ್ಲರೂ ಹೇಳುವುದು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ಹೆಸರು. ಅವರ ಸೆಕಿರೊ (2019) ಮತ್ತು ಎಲ್ಡನ್ ರಿಂಗ್ (2022) ಎರಡರಲ್ಲೂ ಮಟ್ಟದ ಮೆನು ಇಲ್ಲ. ಹಾಗೆಂದು ಎರಡೂ ಒಂದೇ ರೀತಿ ಕಷ್ಟ ಎಂದುಕೊಂಡು ಕೊಂಡವರು ಮೋಸ ಹೋಗುತ್ತಾರೆ.

ಅಡಿಕೆ ಮರ ಯಾರಿಗೋಸ್ಕರವೂ ಗಿಡ್ಡವಾಗುವುದಿಲ್ಲ. ಆದರೆ ಕಲಿಯುವ ಹುಡುಗನನ್ನು ಮೊದಲ ದಿನವೇ ತೋಟದ ಅತಿ ಎತ್ತರದ ಮರಕ್ಕೆ ಯಾವ ಕೊನೆಗೌಡನೂ ಹತ್ತಿಸುವುದಿಲ್ಲ, ಬೇರೆ ಮರ ತೋರಿಸುತ್ತಾನೆ. ಎಲ್ಡನ್ ರಿಂಗ್‌ನಲ್ಲಿ ಈ ಬೇರೆ ಮರ ಇದೆ. ಆಟ ಶುರುವಾಗಿ ಬಯಲಿಗೆ ಬಂದ ಕೂಡಲೇ ಎದುರಿಗೆ ಚಿನ್ನದ ಕವಚದ ಕುದುರೆ ಸವಾರನೊಬ್ಬ ತಿರುಗುತ್ತಿರುತ್ತಾನೆ. ಹೊಸಬರು ಹೋಗಿ ಸಾಯುತ್ತಾರೆ. ಅವನನ್ನು ಬಳಸಿಕೊಂಡು ಮುಂದೆ ಹೋಗಬಹುದು ಎಂಬುದೇ ಅಲ್ಲಿನ ಮೊದಲ ಪಾಠ. ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಎಂಬ ದೊಡ್ಡ ಎದುರಾಳಿ ಅಡ್ಡ ನಿಂತರೆ ದಕ್ಷಿಣಕ್ಕೆ ತಿರುಗಿ ವೀಪಿಂಗ್ ಪೆನಿನ್ಸುಲಾ ಸುತ್ತಿ, ರೂನ್ ಗಳಿಸಿ ಬಲ ಹೆಚ್ಚಿಸಿಕೊಂಡು ಬನ್ನಿ. ಮೂರು ತೋಳಗಳನ್ನು ನೆರವಿಗೆ ಕರೆಯುವ ಬೂದಿಯೂ ಆರಂಭದಲ್ಲೇ ಸಿಗುತ್ತದೆ. ಇದೇ ಆ ಆಟದ ಈಜಿ ಗುಂಡಿ, ಮೆನುವಿನ ಬದಲು ಭೂಪಟದಲ್ಲಿ ಹರಡಿದ್ದಾರೆ. ಅದನ್ನು ಬಳಸುವುದು ಕಳ್ಳಾಟ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಇಟ್ಟವರೇ ಆಟ ಮಾಡಿದವರು.

ಸೆಕಿರೊದಲ್ಲಿ ಆ ದಾರಿ ಇಲ್ಲ. ಅಲ್ಲಿ ನಿಮ್ಮ ಪೆಟ್ಟಿನ ಬಲ ಮುಖ್ಯವಾಗಿ ಹೆಚ್ಚುವುದು ದೊಡ್ಡ ಎದುರಾಳಿಗಳನ್ನು ಗೆದ್ದಾಗ, ಆರಂಭದಲ್ಲಿ ಸಣ್ಣಪುಟ್ಟವರನ್ನು ನೂರು ಸಲ ಹೊಡೆದು ಬಲ ಕೂಡಿಡಲಾಗುವುದಿಲ್ಲ. ಕಲಿಯಲೇಬೇಕು. ಎದುರಾಳಿಯ ಕತ್ತಿ ತಾಗುವ ಕ್ಷಣಕ್ಕೆ ಸರಿಯಾಗಿ ತಡೆದರೆ ಅವನ ನಿಲುವು ಕದಲುತ್ತದೆ, ಕದಲಿ ಕದಲಿ ಕುಸಿದಾಗ ಒಂದೇ ತಿವಿತ. ತಡೆಯಲಾಗದ ಏಟು ಬರುವಾಗ ಪರದೆಯ ಮೇಲೆ ಕೆಂಪು ಅಕ್ಷರವೊಂದು ಮಿಂಚುತ್ತದೆ. ತಿವಿತವಾದರೆ ಮುಂದಕ್ಕೆ ನುಗ್ಗಿ ಕಾಲಿನಿಂದ ಕತ್ತಿ ಮೆಟ್ಟಬೇಕು, ಕಾಲಿಗೆ ಬೀಸಿದರೆ ಹಾರಬೇಕು. ಅಕ್ಷರ ಒಂದೇ, ಉತ್ತರ ಬೇರೆ ಬೇರೆ.

ನಾನು ಈ ಆಟದ ಕೋಟೆಯ ಮೇಲಿನ ಗೆನಿಚಿರೊ ಎಂಬ ಎದುರಾಳಿಯ ಎದುರು ಸಿಕ್ಕಿಬಿದ್ದದ್ದು ಆಷಾಢದಲ್ಲಿ, ಶಿರಸಿಯ ಮನೆಯ ಅಟ್ಟದಲ್ಲಿ. ಮೂರು ರಾತ್ರಿ ಸೋತೆ. ಸೋತದ್ದು ಯಾಕೆ ಎಂದರೆ ತಡೆ ತಪ್ಪುತ್ತಿದೆ ಎಂದು ಹೇಳಬಲ್ಲೆ, ಯಾಕೆ ತಪ್ಪುತ್ತಿದೆ ಎಂದು ಹೇಳಲಾರೆ. ನಾಲ್ಕನೇ ರಾತ್ರಿ ಮಳೆ ಸ್ವಲ್ಪ ಹೊತ್ತು ನಿಂತಿತು. ಆಗ ಕೇಳಿಸಿತು. ಸರಿಯಾಗಿ ತಡೆದಾಗ ಬರುವ ಠಣ್ ಎಂಬ ಸದ್ದು ಬೇರೆ, ತಡವಾಗಿ ತಡೆದಾಗ ಬರುವ ಮೊಂಡು ಸದ್ದು ಬೇರೆ. ಅಷ್ಟು ದಿನವೂ ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯಲ್ಲಿ ಆ ವ್ಯತ್ಯಾಸ ನನ್ನ ಕಿವಿಗೆ ಬಿದ್ದೇ ಇರಲಿಲ್ಲ, ಬರೀ ಕಣ್ಣಿನಿಂದ ಆಡುತ್ತಿದ್ದೆ. ಮಳೆ ಮತ್ತೆ ಹಿಡಿಯಿತು, ನಾನು ಇಯರ್‌ಫೋನ್ ಹಾಕಿಕೊಂಡೆ. ಆಮೇಲೂ ಸೋತೆ, ಆದರೆ ಪ್ರತಿ ಸೋಲಿಗೂ ಹೆಸರಿತ್ತು: ಈಗ ಬೇಗ, ಈಗ ತಡ. ಕೊನೆಗೆ ಅವನು ಮೇಲಂಗಿ ಕಿತ್ತೆಸೆದು ಮಿಂಚು ಎಸೆಯುವ ಮೂರನೇ ಸುತ್ತು. ಹಾರಿ ಗಾಳಿಯಲ್ಲೇ ಮಿಂಚು ಹಿಡಿದು, ನೆಲ ಮುಟ್ಟುವ ಮೊದಲು ಅವನ ಮೇಲೆಯೇ ತಿರುಗಿಸಿದಾಗ ನಾನು ಕೂಗಿದ ಕೂಗಿಗೆ ಕೆಳಗಿನಿಂದ ಅಪ್ಪಯ್ಯ ಟಾರ್ಚ್ ಹಿಡಿದು ಬಂದರು.

ಹಾಗಾದರೆ ಸೆಕಿರೊ ಎಲ್ಲರಿಗೂ ಆದೀತೇ? ಇಲ್ಲ. ದಿನಕ್ಕೆ ಅರ್ಧ ಗಂಟೆ ಸಿಗುವವರಿಗೆ, ಬೆರಳು ನೋಯುವವರಿಗೆ, ಕಿವಿ ಸರಿಯಾಗಿ ಕೇಳದವರಿಗೆ ಅದು ಬಾಗಿಲು ಹಾಕಿಕೊಂಡ ಮನೆ. ಆಟ ನನಗೆ ಬಹಳ ಪ್ರಿಯವಾದರೂ ಇದನ್ನು ಅದರ ಕೊರತೆ ಎಂದೇ ಎಣಿಸುತ್ತೇನೆ. ನನಗೆ ಅಡ್ಡಿಯಾದದ್ದು ಮಳೆ, ಇಯರ್‌ಫೋನಿನಿಂದ ಪರಿಹಾರವಾಯಿತು. ಎಲ್ಲರ ಅಡ್ಡಿಗೂ ಅಷ್ಟು ಸುಲಭದ ಪರಿಹಾರ ಇರುವುದಿಲ್ಲ.

ನೆರವು ಕೊಡುವ ಆಟಗಳು

ಮೊದಲು ಒಂದು ಹಳೆಯ ಸಂಗತಿ. ಕಾಂಟ್ರಾದಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿದರೆ 30 ಜೀವ ಸಿಗುತ್ತಿತ್ತಲ್ಲ, ಆ ಗುಟ್ಟನ್ನು ಮೊದಲು ಇಟ್ಟವರು ಕೊನಾಮಿಯ ಕಝುಹಿಸಾ ಹಶಿಮೊಟೊ. ಗ್ರೇಡಿಯಸ್ ಎಂಬ ಆಟವನ್ನು 1986ರಲ್ಲಿ ಮನೆಯ ಗೇಮ್ ಯಂತ್ರಕ್ಕೆ ಇಳಿಸುವಾಗ, ಪರೀಕ್ಷಿಸಿ ನೋಡಲು ಸ್ವತಃ ಅವರಿಗೇ ಆಟ ತುಂಬ ಕಷ್ಟವಾಯಿತು. ಅದಕ್ಕೇ ತಮಗೊಂದು ಒಳದಾರಿ ಮಾಡಿಕೊಂಡರು. ನೆರವು ಪಡೆದು ಆಡುವುದು ಈಗಿನವರ ಸೋಮಾರಿತನ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗಿನ ಆಟಗಳಲ್ಲಿ ಹೋಲಿಸಿ ನೋಡಬೇಕಾದ ಎರಡು: ಸೆಲೆಸ್ಟ್ (2018) ಮತ್ತು ಹೇಡಿಸ್ (2020).

ಸೆಲೆಸ್ಟ್‌ನಲ್ಲಿ ಮ್ಯಾಡಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ. ಹಾರುವುದು, ಗೋಡೆ ಹಿಡಿದು ಹತ್ತುವುದು, ಗಾಳಿಯಲ್ಲಿ ಒಂದು ಸಲ ಚಿಮ್ಮುವುದು, ಇಷ್ಟೆ. ಚಿಮ್ಮಿದ ಮೇಲೆ ಅವಳ ಕೆಂಪು ಕೂದಲು ನೀಲಿಯಾಗುತ್ತದೆ, ನೆಲಕ್ಕೆ ಕಾಲಿಟ್ಟರೆ ಮತ್ತೆ ಕೆಂಪು. ಸತ್ತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಕೋಣೆಯ ಬಾಗಿಲಲ್ಲಿ ಮತ್ತೆ ನಿಂತಿರುತ್ತೀರಿ. ಸಾವು ಎಷ್ಟಾಯಿತು ಎಂದು ಆಟ ಎಣಿಸುತ್ತದೆ, ಎಣಿಕೆ ಏರಿದಷ್ಟೂ ಕಲಿತಿದ್ದೀರಿ ಎಂದು ಬೆನ್ನು ತಟ್ಟುತ್ತದೆ. ಇದರ ಮೆನುವಿನಲ್ಲಿ ಅಸಿಸ್ಟ್ ಮೋಡ್ ಇದೆ: ಆಟದ ವೇಗ 50 ಪ್ರತಿಶತದವರೆಗೆ ಇಳಿಸಬಹುದು, ಹಿಡಿತ ಜಾರದಂತೆ ಮಾಡಬಹುದು, ಗಾಳಿಯಲ್ಲಿ ಹೆಚ್ಚು ಸಲ ಚಿಮ್ಮಬಹುದು, ಕೊನೆಗೆ ಸಾವೇ ಇಲ್ಲದಂತೆಯೂ ಮಾಡಬಹುದು.

ಆ ದೀಪಾವಳಿಯ ಸಂಜೆ ಅಕ್ಕನ ಮಗಳಿಗೆ ನಾನು ಮೆನುವಿನ ಆಟ ಮುಚ್ಚಿಸಿ ಹಾಕಿಕೊಟ್ಟದ್ದು ಸೆಲೆಸ್ಟ್. ಮೊದಲ ಅಧ್ಯಾಯದ ನಡುವೆ ಒಂದು ಕೋಣೆಯಲ್ಲಿ ಸಿಕ್ಕಿಕೊಂಡಳು. ಇಪ್ಪತ್ತು ಸಲ ಬಿದ್ದಿರಬೇಕು. "ಎಂತಕ್ಕೆ ಬಿದ್ದೆ ಕೂಸೇ?" ಎಂದೆ. "ಗೊತ್ತಿಲ್ಲೆ" ಎಂದಳು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ವೇಗವನ್ನು 70ಕ್ಕೆ ಇಳಿಸಿದೆ. ಅವಳು ಯಕ್ಷಗಾನದ ಹೆಜ್ಜೆ ಕಲಿಯುತ್ತಿದ್ದಾಳೆ. ಅಲ್ಲಿ ಗುರುಗಳು ಬಾಯಿತಾಳ ಹೇಳುತ್ತ ನಿಧಾನಕ್ಕೆ ಹೆಜ್ಜೆ ಹಾಕಿಸುತ್ತಾರೆ, ಚೆಂಡೆಯ ವೇಗ ಆಮೇಲೆ. ಹೆಜ್ಜೆ ಅದೇ, ಕಾಲ ಮಾತ್ರ ನಿಧಾನ. ಇಲ್ಲಿಯೂ ಹಾಗೇ ಆಯಿತು. ಕೂದಲು ನೀಲಿ ಇರುವಾಗಲೇ ಮತ್ತೆ ಚಿಮ್ಮುವ ಗುಂಡಿ ಒತ್ತುತ್ತಿದ್ದಾಳೆ ಎಂಬುದು ನಿಧಾನ ವೇಗದಲ್ಲಿ ಅವಳಿಗೇ ಕಂಡಿತು. "ಗೊತ್ತಾತು ಮಾವ" ಎಂದವಳು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಸೆಲೆಸ್ಟ್‌ನ ನೆರವುಗಳನ್ನು ಬಳಸುವವರಿಗೆ ಇಲ್ಲಿ ಒಂದು ಸಲಹೆ ಇದೆ, ಇದನ್ನು ಒತ್ತಿ ಹೇಳುತ್ತೇನೆ. ಮೊದಲು ವೇಗ ಇಳಿಸಿ. ಕಲಿಯಬೇಕಾದ್ದು ಪೂರ್ತಿ ಉಳಿಯುತ್ತದೆ, ಕಲಿಯಲು ಹೊತ್ತು ಸಿಗುತ್ತದೆ. ಬೆರಳು ಸೋಲುವವರು ಹಿಡಿತದ ನೆರವು ತೆಗೆದುಕೊಳ್ಳಿ. ಹೆಚ್ಚು ಸಲ ಚಿಮ್ಮುವ ನೆರವನ್ನು ಆದಷ್ಟು ದೂರ ಇಡಿ, ಯಾಕೆಂದರೆ ಬಹುತೇಕ ಕೋಣೆಗಳನ್ನು ಒಂದೇ ಚಿಮ್ಮಿಗೆ ಲೆಕ್ಕ ಹಾಕಿ ಕಟ್ಟಿದ್ದಾರೆ, ಎರಡಾದರೆ ಒಗಟೇ ಕರಗುತ್ತದೆ. ಸಾವಿಲ್ಲದಂತೆ ಮಾಡುವುದು ಕತೆ ಮಾತ್ರ ಬೇಕೆನ್ನುವವರಿಗೆ.

ಹೇಡಿಸ್‌ನ ರೀತಿ ಬೇರೆ. ಪಾತಾಳದಿಂದ ತಪ್ಪಿಸಿಕೊಂಡು ಹೋಗಲು ಯತ್ನಿಸುವ ರಾಜಕುಮಾರನ ಆಟ. ಸತ್ತರೆ ಮತ್ತೆ ಅರಮನೆಗೆ, ಅಲ್ಲಿ ಎಲ್ಲರೂ ಹೊಸ ಮಾತು ಆಡುತ್ತಾರೆ, ಕತೆ ಮುಂದೆ ಹೋಗುತ್ತದೆ. ಸೋತರೂ ಏನೋ ಒಂದು ಕೈಗೆ ಬರುತ್ತದೆ. ಇದರ ಗಾಡ್ ಮೋಡ್ ಹಾಕಿದರೆ ತಿನ್ನುವ ಪೆಟ್ಟಿನಲ್ಲಿ ಮೊದಲಿಗೆ 20 ಪ್ರತಿಶತ ಕಡಿತ, ಪ್ರತಿ ಸಾವಿಗೂ 2 ಪ್ರತಿಶತ ಸೇರುತ್ತ 80ರವರೆಗೆ ಹೋಗುತ್ತದೆ. ನೀವು ಸಂಖ್ಯೆ ಆರಿಸಬೇಕಾಗಿಲ್ಲ. ಬೇಕಾದಷ್ಟು ಸೋತ ಮೇಲೆ ಬೇಕಾದಷ್ಟೇ ನೆರವು ತಾನಾಗಿ ಬಂದು ನಿಲ್ಲುತ್ತದೆ. ಮಟ್ಟ ಇಳಿಸಲು ಮನಸ್ಸು ಒಪ್ಪದ ದೊಡ್ಡವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಒಮ್ಮೆ ಗೆದ್ದ ಮೇಲೆ ಇದೇ ಆಟ ತಿರುವುಮುರುವಾಗುತ್ತದೆ: ಶತ್ರುಗಳ ಪೆಟ್ಟು ಹೆಚ್ಚಲಿ, ಹೊತ್ತಿನ ಮಿತಿ ಇರಲಿ ಎಂದು ಷರತ್ತುಗಳನ್ನು ನೀವೇ ಒಂದೊಂದಾಗಿ ಹೇರಿಕೊಳ್ಳುತ್ತ ಹೋಗಬಹುದು. ಯಾವುದು ಕಷ್ಟವಾಗಬೇಕು ಎಂದು ಆಡುವವನೇ ಹೇಳುವ ಈ ಬಗೆಯ ಹಾರ್ಡ್ ಬಹಳ ಆಟಗಳಲ್ಲಿ ಬರಲಿ ಎಂಬುದು ನನ್ನ ಆಸೆ.

ಕೈ ನೋವು, ದೃಷ್ಟಿದೋಷ, ಶ್ರವಣದೋಷ ಇರುವವರು ಮೊದಲು ನೋಡಬೇಕಾದದ್ದು 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2. ಅದರಲ್ಲಿ ಇಂಥ ಅನುಕೂಲಗಳೇ 60ಕ್ಕೂ ಹೆಚ್ಚು. ಶತ್ರುವಿನ ಚುರುಕು, ಜೊತೆಗಾರರ ನೆರವು, ಅಡಗುವ ಸಲೀಸು, ಸಿಗುವ ಸಾಮಾನು ಎಲ್ಲಕ್ಕೂ ಬೇರೆ ಬೇರೆ ಮಟ್ಟ ಇಡಬಹುದು. ಕತೆ ಮಾತ್ರ ತುಂಬ ಕ್ರೂರ, ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಹೇಳದೆ ಬದಲಿಸುವ ಆಟಗಳು, ಮಾರುವ ಆಟಗಳು

ಕೆಲವು ಆಟಗಳು ನಿಮ್ಮನ್ನು ಕೇಳುವುದೇ ಇಲ್ಲ. 2005ರ ರೆಸಿಡೆಂಟ್ ಈವಿಲ್ 4 ನೀವು ಹೇಗೆ ಆಡುತ್ತಿದ್ದೀರಿ ಎಂದು ಒಳಗೊಳಗೇ ಅಂಕ ಹಾಕಿ ಶತ್ರುಗಳ ಬಿರುಸು ಏರಿಸುತ್ತದೆ, ಇಳಿಸುತ್ತದೆ. ಲೆಫ್ಟ್ 4 ಡೆಡ್ (2008) ಆಡುವವರು ಎಷ್ಟು ಕಂಗಾಲಾಗಿದ್ದಾರೆ ಎಂದು ಅಳೆದು, ಮುಂದಿನ ಜಾಂಬಿ ಗುಂಪನ್ನು ಯಾವಾಗ ಬಿಡಬೇಕು ಎಂದು ತೀರ್ಮಾನಿಸುತ್ತದೆ. ರೇಸಿನ ಆಟವಾದ ಮಾರಿಯೋ ಕಾರ್ಟ್‌ನಲ್ಲಿ ಹಿಂದೆ ಬಿದ್ದವರಿಗೆ ಒಳ್ಳೆಯ ಆಯುಧ ಸಿಗುತ್ತದೆ. ಹಬ್ಬಕ್ಕೆ ಸಣ್ಣವರು ದೊಡ್ಡವರು ಒಟ್ಟಿಗೆ ಕೂತು ಆಡಲು ಇದು ಸರಿ. ಏನು ಕಲಿತೆ ಎಂದು ತಿಳಿಯಬೇಕಾದವರಿಗೆ ಸಾಲದು.

ಫೋನಿನ ಪುಕ್ಕಟೆ ಒಗಟಿನ ಆಟಗಳಲ್ಲಿ ಮಾತ್ರ ಎಚ್ಚರ ಇರಲಿ. ಕ್ಯಾಂಡಿ ಕ್ರಶ್‌ನಲ್ಲಿ 5 ಜೀವ, ಹೋದ ಒಂದು ಜೀವ ಮರಳಲು 30 ನಿಮಿಷ, ಮೂವ್ ಮುಗಿದಾಗ ಇನ್ನೊಂದು 5 ಮೂವ್ ಬೇಕಿದ್ದರೆ ಚಿನ್ನದ ಗಟ್ಟಿ. ಮೇಲಿನಿಂದ ಬೀಳುವ ಮಿಠಾಯಿ ಅದೃಷ್ಟದ್ದು, ಹಾಗಾಗಿ ಸೋತದ್ದು ನಿಮ್ಮ ತಪ್ಪಿನಿಂದಲೋ ಬಿದ್ದ ಮಿಠಾಯಿಯಿಂದಲೋ ಹೇಳುವುದು ಕಷ್ಟ. ಸೆಲೆಸ್ಟ್ ಮೆನುವಿನಲ್ಲಿ ಸುಮ್ಮನೆ ಕೊಡುವ ನೆರವು ಇಲ್ಲಿ ರೂಪಾಯಿಗೆ. ಹೊತ್ತು ಕಳೆಯಲು ಆಡಿ, ಸವಾಲು ಎಂದು ದುಡ್ಡು ಹಾಕಬೇಡಿ.

ಮನುಷ್ಯರ ಎದುರು ಆಡುವ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಗುಂಡಿನ ಕಾಳಗದಂಥವುಗಳಲ್ಲಿ ಶ್ರೇಣಿಯೇ ಮಟ್ಟ. ಬ್ರಾಂಜ್‌ನಿಂದ ಶುರುವಾಗುವ ಕೆಳಗಿನ ಶ್ರೇಣಿಗಳಲ್ಲಿ ಕಂಪ್ಯೂಟರ್ ಆಡಿಸುವ ಬಾಟ್‌ಗಳೂ ಇರುತ್ತವೆ, ಆದ್ದರಿಂದ ಆರಂಭದ ಗೆಲುವಿಗೆ ಹಿಗ್ಗುವುದು ಬೇಡ. ನಮ್ಮ ಘಟ್ಟದ ಹಳ್ಳಿಗಳ ಮಳೆಗಾಲದ ನೆಟ್‌ವರ್ಕ್‌ನಲ್ಲಿ ಗುಂಡು ತಾಗಿದ್ದು ಕಾಣುವ ಮೊದಲೇ ಸತ್ತಿರುತ್ತೇವೆ. ಕಾರವಾರದ ರೂಮಿನಲ್ಲಿ ನಾನು ಇದನ್ನು ಆಡುತ್ತೇನೆ, ಊರಲ್ಲಿ ಮುಟ್ಟುವುದಿಲ್ಲ.

ಕರೆಂಟಿನ ಲೆಕ್ಕ

ಯಾವ ಊರಿನ ಮಾರ್ಗದರ್ಶಿಯಲ್ಲೂ ಇರದ ಒಂದು ಮಾತನ್ನು ನಮ್ಮ ಜಿಲ್ಲೆಯವರಿಗೆ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟದ ಮಟ್ಟಕ್ಕಿಂತ ಆಟ ಎಲ್ಲಿ ಸೇವ್ ಆಗುತ್ತದೆ ಎಂಬುದು ದೊಡ್ಡ ವಿಷಯ. ಡೆಸ್ಕ್‌ಟಾಪ್ ಇಟ್ಟುಕೊಂಡವರಿಗಂತೂ ಇನ್ನೂ ದೊಡ್ಡದು.

ಹೇಡಿಸ್‌ನಲ್ಲಿ ಕೋಣೆ ಕೋಣೆಗೂ ಸೇವ್ ಇದೆ, ನಡುವೆ ನಿಂತರೆ ಆ ಕೋಣೆಯ ಆರಂಭದಿಂದ ಮತ್ತೆ. ಸೆಲೆಸ್ಟ್‌ನಲ್ಲಿ ಕೋಣೆಗಳೇ ಅಷ್ಟು ಚಿಕ್ಕವು, ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಎಲ್ಡನ್ ರಿಂಗ್ ತಾನೇ ಆಗಾಗ ಸೇವ್ ಮಾಡಿಕೊಳ್ಳುತ್ತದೆ, ಆದರೆ ನಿಲ್ಲಿಸಿ ಎದ್ದು ಹೋಗಲು ಪಾಸ್ ಇಲ್ಲ. ಸೆಕಿರೊದಲ್ಲಿ ಪಾಸ್ ಇದೆ, ಬಾಗಿಲಿಗೆ ಯಾರಾದರೂ ಬಂದರೆ ನಿಲ್ಲಿಸಿ ಹೋಗಬಹುದು. ಹೆದರಬೇಕಾದದ್ದು ಒಂದೇ ಸೇವ್ ಇಡುವ, ಹಿಂದೆ ಹೋಗಲು ಬಿಡದ ಮೋಡ್‌ಗಳಿಗೆ. ತಪ್ಪಿಗೆ ತಿದ್ದುಪಡಿ ಇಲ್ಲ ಎಂಬ ಬಿಗಿ ಅಲ್ಲಿ ಇಷ್ಟವಾಗಿಯೇ ಇಂಥದ್ದೊಂದು ಆಟವನ್ನು ನಾನು ಹನ್ನೊಂದು ದಿನ ಆಡಿದ್ದೆ. ಹನ್ನೆರಡನೇ ಸಂಜೆ ಗುಡುಗು, ಕರೆಂಟ್ ಹೋಯಿತು. ಬಂದ ಮೇಲೆ ತೆರೆದರೆ ಸೇವ್ ಫೈಲು ಹಾಳಾಗಿತ್ತು. ಯಾಕೆ ಸೋತೆ ಎಂದು ಕೇಳಿದರೆ ಮೋಡದ ಕಡೆ ಕೈ ತೋರಿಸಬೇಕಾದ ಸೋಲು ಅದು. ಯುಪಿಎಸ್ ಇಲ್ಲದಿದ್ದರೆ ಮಳೆಗಾಲದಲ್ಲಿ ಇಂಥ ಮೋಡ್ ಹಾಕಬೇಡಿ, ದೀಪಾವಳಿಯ ನಂತರ ಆಡಿ.

ಒತ್ತುವ ಮೊದಲು

ಇನ್ನೆರಡು ವಿಷಯ ನೋಡಿಕೊಳ್ಳಿ. ಮಟ್ಟವನ್ನು ನಡುವೆ ಬದಲಿಸಬಹುದೇ? 2018ರ ಗಾಡ್ ಆಫ್ ವಾರ್‌ನಲ್ಲಿ ನಾಲ್ಕು ಮಟ್ಟ, ಮೂರನ್ನು ಯಾವಾಗ ಬೇಕಾದರೂ ಬದಲಿಸಬಹುದು, ಅತಿ ಮೇಲಿನದ್ದನ್ನು ಆರಿಸಿದರೆ ಮುಗಿಯುವವರೆಗೆ ಅದೇ. ಸುಲಭದ ಮಟ್ಟದಲ್ಲಿ ಆಟ ಪೂರ್ತಿ ಸಿಗುತ್ತದೆಯೇ? ಕಪ್‌ಹೆಡ್‌ನಲ್ಲಿ (2017) ಸಿಂಪಲ್ ಮಟ್ಟದಲ್ಲಿ ಗೆದ್ದರೆ ಮುಂದೆ ಹೋಗಲು ಬೇಕಾದ ಕರಾರುಪತ್ರ ಸಿಗುವುದಿಲ್ಲ, ಕೊನೆಯ ಕಾಳಗಕ್ಕೆ ರೆಗ್ಯುಲರ್‌ನಲ್ಲೇ ಗೆಲ್ಲಬೇಕು. ಚಂದದ ಚಿತ್ರ ನೋಡಿ ಮಕ್ಕಳಿಗೆ ಕೊಡಿಸುವವರಿಗೆ ಇದು ಗೊತ್ತಿರಲಿ.

ಎರಡೂ ಗೊತ್ತಾಗದಿದ್ದರೆ ನಾರ್ಮಲ್ ಒತ್ತಿ ಒಂದು ಗಂಟೆ ಆಡಿ. ಒಮ್ಮೆಯೂ ಸೋಲದಿದ್ದರೆ ಒಂದು ಮೆಟ್ಟಿಲು ಮೇಲೆ. ಸೋಲಿಗೆ ಕಾರಣ ಹೇಳಲು ಬಂದರೆ ಅಲ್ಲೇ ಇರಿ. ಬರದಿದ್ದರೆ ಮೊದಲು ವೇಗವೋ ಸದ್ದೋ ಸರಿಮಾಡಿಕೊಳ್ಳಲು ಆಗುತ್ತದೆಯೇ ನೋಡಿ, ಆಗದಿದ್ದರೆ ಮಟ್ಟ ಇಳಿಸಿ. ಕಾಲೇಜು ರಜೆಯಲ್ಲಿ ದಿನಪೂರ್ತಿ ಹೊತ್ತು ಇರುವವರು ಸೆಕಿರೊ ತೆಗೆದುಕೊಳ್ಳಿ. ಕೆಲಸ ಮುಗಿಸಿ ರಾತ್ರಿ ಅರ್ಧ ಗಂಟೆ ಸಿಗುವವರಿಗೆ ಹೇಡಿಸ್, ಒಂದು ಸುತ್ತು ಸುಮಾರು ಅಷ್ಟೇ ಹೊತ್ತಿನದ್ದು. ತಿರುಗಾಟ ಬೇಕಾದವರಿಗೆ ಎಲ್ಡನ್ ರಿಂಗ್. ಹತ್ತು ವರ್ಷ ದಾಟಿದ ಮಕ್ಕಳಿಗೆ ಸೆಲೆಸ್ಟ್, ವೇಗ ಇಳಿಸಿ, ಪಕ್ಕದಲ್ಲಿ ನೀವೂ ಕೂತು.

ಕಂಟ್ರೋಲರ್ ಹಿಡಿಯಲಾರೆ ಎನ್ನುವ ಹಿರಿಯರಿಗೆ ಲಿಚೆಸ್ ಎಂಬ ಚೆಸ್ ಆಪ್. ದುಡ್ಡಿಲ್ಲ, ಜಾಹೀರಾತಿಲ್ಲ, ಫೋನಿನಲ್ಲೇ ಆಡಬಹುದು. ಕಂಪ್ಯೂಟರಿನ ಎದುರು 8 ಮಟ್ಟಗಳಿವೆ, ತಪ್ಪು ನಡೆ ಹಿಂದೆ ತೆಗೆದುಕೊಳ್ಳಲೂ ಬರುತ್ತದೆ. ಅಪ್ಪಯ್ಯ ಚಿಕ್ಕಂದಿನಿಂದ ಚೆಸ್ ಬಲ್ಲವರು. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂತು ಮೂರನೇ ಮಟ್ಟದಲ್ಲಿ ಆಡುತ್ತಾರೆ, ಎರಡು ಸೋತರೆ ಒಂದು ಗೆಲ್ಲುತ್ತಾರೆ. ಸೋತಾಗ ಫೋನ್ ಕೆಳಗಿಡುವುದಿಲ್ಲ. ನಡೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋಗಿ, ಒಂದು ಕಡೆ ನಿಲ್ಲಿಸಿ, "ಇಲ್ಲಿ ಕುದುರೆ ಬಿಟ್ಟೆ ನೋಡು" ಎಂದು ನನಗೆ ತೋರಿಸುತ್ತಾರೆ. ನಾಲ್ಕನೇ ಮಟ್ಟಕ್ಕೆ ಹೋಗಿ ಎಂದು ನಾನಿನ್ನೂ ಹೇಳಿಲ್ಲ.